ಲೆಕ್ಕ ಕೇಳುವುದು ಅಪನಂಬಿಕೆಯಲ್ಲ

ಒಂದು ಊರಿನ ಮಸೀದಿ. ಅಲ್ಲಿನ ಖಜಾಂಚಿ ಇಪ್ಪತ್ತು ವರ್ಷಗಳಿಂದ ಅದೇ ಸ್ಥಾನದಲ್ಲಿದ್ದ ಹಿರಿಯರು. ಐದು ಹೊತ್ತಿನ ನಮಾಝ್‌ಗೂ ಮೊದಲ ಸಾಲಿನಲ್ಲಿರುವವರು. ಮಸೀದಿಯ ಹಣ, ಮದ್ರಸದ ಹಣ, ರಮಝಾನ್‌ನಲ್ಲಿ ಸಂಗ್ರಹವಾಗುವ ಝಕಾತ್, ಬಡ ಹೆಣ್ಣುಮಕ್ಕಳ ಮದುವೆಗೆಂದು ಬರುವ ನೆರವು ಎಲ್ಲವೂ ಅವರ ಕೈಯಲ್ಲೇ. ಒಂದು ವರ್ಷ ಮಹಾಸಭೆಯಲ್ಲಿ ಯುವಕನೊಬ್ಬ ಎದ್ದು ನಿಂತು ಕೇಳಿದ: "ಹಾಜಿಯವರೇ, ಈ ಸಲದ ಲೆಕ್ಕವನ್ನು ಬರೆದು ಗೋಡೆಗೆ ಹಚ್ಚಬಹುದೇ?"

ಸಭೆ ಸ್ತಬ್ಧವಾಯಿತು. ಹಾಜಿಯವರ ಮುಖ ಕಪ್ಪಿಟ್ಟಿತು. "ನನ್ನ ಮೇಲೆ ಅನುಮಾನವೇ?" ಎಂದಷ್ಟೇ ಅಂದರು. ಉಳಿದ ಹಿರಿಯರು ಯುವಕನನ್ನು ಗದರಿಸಿ ಕೂರಿಸಿದರು. ವಿಷಯ ಅಲ್ಲಿಗೇ ಮುಗಿಯಿತು.

ಮರುವರ್ಷ ಹಾಜಿಯವರು ಹೃದಯಾಘಾತದಿಂದ ಹಠಾತ್ತಾಗಿ ತೀರಿಕೊಂಡರು. ಅವರ ಕಪಾಟಿನಲ್ಲಿ ಮೂರು ಬಟ್ಟೆಯ ಚೀಲಗಳಲ್ಲಿ ಹಣವಿತ್ತು. ಯಾವುದು ಮಸೀದಿಯದು, ಯಾವುದು ಝಕಾತ್‌ನದು, ಯಾವುದು ಮನೆಯದು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಡೈರಿಯಲ್ಲಿ ಕೆಲವು ಅಂಕಿಗಳು, ಕೆಲವು ಹೆಸರುಗಳು, ಅಷ್ಟೆ. ಊರಿನಲ್ಲಿ ಮೆಲ್ಲಗೆ ಮಾತು ಹಬ್ಬಿತು. ಬದುಕಿದ್ದಾಗ ಯಾರನ್ನು ಪ್ರಶ್ನಿಸಬಾರದು ಎಂದಿದ್ದರೋ ಅವರನ್ನೇ ಸತ್ತ ಮೇಲೆ ಅಂಗಡಿಯ ಜಗಲಿಗಳಲ್ಲಿ ವಿಚಾರಣೆ ಮಾಡತೊಡಗಿದರು. ಕೊನೆಗೆ ಅವರ ಪತ್ನಿ ಇದ್ದ ಎರಡು ಚಿನ್ನದ ಬಳೆಗಳನ್ನು ತೆಗೆದು ಮಗನ ಕೈಗಿಟ್ಟರು. "ಇದನ್ನು ಮಾರಿ ಮಸೀದಿಗೆ ಕೊಟ್ಟುಬಿಡು ಮೋನೇ. ನಿನ್ನ ಬಾಪನ ಮೇಲೆ ಭಾರ ಉಳಿಯುವುದು ಬೇಡ" ಎಂದರು.

ಹಾಜಿಯವರು ಒಂದು ಪೈಸೆಯನ್ನಾದರೂ ಮುಟ್ಟಿದ್ದರೇ? ಬಹುಶಃ ಇಲ್ಲ. ಆದರೆ ಅದನ್ನು ಸಾಬೀತುಪಡಿಸುವ ಒಂದು ಹಾಳೆಯೂ ಇರಲಿಲ್ಲ. ಸೇವಾಸಂಸ್ಥೆಗಳಲ್ಲಿ ನಡೆಯುವ ಹಣದ ವಂಚನೆಯ ಬಗ್ಗೆ ಮಾತನಾಡುವಾಗ ನಾವು ಕಳ್ಳನನ್ನು ಮಾತ್ರ ನೆನೆಯುತ್ತೇವೆ. ಲೆಕ್ಕವಿಲ್ಲದಿದ್ದರೆ ಪ್ರಾಮಾಣಿಕನೂ ಬಲಿಯಾಗುತ್ತಾನೆ ಎಂಬುದನ್ನು ಮರೆಯುತ್ತೇವೆ. ಲೆಕ್ಕವು ಕಳ್ಳನಿಗೆ ತಡೆ, ಪ್ರಾಮಾಣಿಕನಿಗೆ ರಕ್ಷಣೆ.

ಈ ಹಣದ ಒಡೆಯ ಯಾರು?

ಮಸೀದಿಯ ಡಬ್ಬಿಗೆ ಬಿದ್ದ ನಾಣ್ಯವು ಕೊಟ್ಟವನದ್ದಲ್ಲ, ಏಕೆಂದರೆ ಅವನು ಅದನ್ನು ಅಲ್ಲಾಹನ ಮಾರ್ಗದಲ್ಲಿ ಕೊಟ್ಟುಬಿಟ್ಟಿದ್ದಾನೆ. ಅದು ಸಮಿತಿಯದ್ದೂ ಅಲ್ಲ. ಝಕಾತ್ ಆದರೆ ಪವಿತ್ರ ಕುರ್‌ಆನ್ ಅತ್ತೌಬಾ ಅಧ್ಯಾಯದಲ್ಲಿ ಎಣಿಸಿರುವ ಎಂಟು ವರ್ಗದವರ ಹಕ್ಕು. ಅನಾಥರಿಗೆಂದು ಬಂದದ್ದಾದರೆ ಅನಾಥರ ಹಕ್ಕು. ಸಮಿತಿಯು ಕೇವಲ ಕಾವಲುಗಾರ. ಅದರ ಕೈಯಲ್ಲಿರುವುದು ಅಮಾನತ್ತು. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂದು ಅನ್ನಿಸಾ ಅಧ್ಯಾಯವು ಸ್ಪಷ್ಟವಾಗಿ ಆಜ್ಞಾಪಿಸಿದೆ.

ಅದೇ ಅಧ್ಯಾಯದ ಆರನೆಯ ಸೂಕ್ತದಲ್ಲಿ ಅನಾಥರ ಸೊತ್ತಿನ ಪೋಷಕನಿಗೆ ಮೂರು ಸೂಚನೆಗಳಿವೆ. ಅವನು ಸ್ಥಿತಿವಂತನಾಗಿದ್ದರೆ ಆ ಸೊತ್ತಿನಿಂದ ಏನನ್ನೂ ತೆಗೆದುಕೊಳ್ಳದೆ ದೂರವಿರಬೇಕು. ಬಡವನಾಗಿದ್ದರೆ ನ್ಯಾಯವಾದ ಮಟ್ಟಿಗೆ ಮಾತ್ರ ತೆಗೆದುಕೊಳ್ಳಬಹುದು. ಸೊತ್ತನ್ನು ಮರಳಿಸುವಾಗ ಸಾಕ್ಷಿಗಳನ್ನು ಇಟ್ಟುಕೊಳ್ಳಬೇಕು. ಈ ಮೂರನೆಯ ಸೂಚನೆಯನ್ನು ಗಮನಿಸಿ. ಪೋಷಕನು ದೇವಭಯವುಳ್ಳವನೆಂಬ ಕಾರಣಕ್ಕೆ ಸಾಕ್ಷಿ ಬೇಡವೆಂದು ಅಲ್ಲಿ ಹೇಳಿಲ್ಲ. ಅಲ್‌ಬಕರ ಅಧ್ಯಾಯದ ಸಾಲದ ಸೂಕ್ತವೂ ಅಷ್ಟೆ. ವ್ಯವಹಾರ ಸಣ್ಣದಾಗಲಿ ದೊಡ್ಡದಾಗಲಿ, ಬರೆದಿಡಲು ಬೇಸರಿಸಬಾರದೆಂದು ಅದು ಸತ್ಯವಿಶ್ವಾಸಿಗಳಿಗೇ ಹೇಳುತ್ತದೆ. ನಂಬಿಕೆ ಇರುವಲ್ಲಿ ಬರಹ ಬೇಡ ಎಂಬುದು ನಮ್ಮ ರೂಢಿಯೇ ಹೊರತು ಇಸ್ಲಾಮಿನ ಕಲಿಕೆಯಲ್ಲ.

ಪ್ರವಾದಿವರ್ಯರು(ಸ) ಲೆಕ್ಕ ಕೇಳಿದರು

ಅಝ್ದ್ ಗೋತ್ರದ ಇಬ್ನುಲ್ಲುತ್‌ಬಿಯ್ಯ ಎಂಬವರನ್ನು ಪ್ರವಾದಿವರ್ಯರು(ಸ) ಬನೂ ಸುಲೈಮ್ ಗೋತ್ರದ ಝಕಾತ್ ಸಂಗ್ರಹಿಸಲು ನೇಮಿಸಿದ್ದರು. ಅವರು ಮರಳಿ ಬಂದಾಗ ಪ್ರವಾದಿವರ್ಯರು(ಸ) ಅವರಿಂದ ಲೆಕ್ಕ ಪಡೆದರು. ಇದು ನಿಮ್ಮದು, ಇದು ನನಗೆ ಉಡುಗೊರೆಯಾಗಿ ಸಿಕ್ಕಿದ್ದು ಎಂದು ಅವರು ಎರಡು ಪಾಲು ತೋರಿಸಿದರು. ತಂದೆ ತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಅವರನ್ನು ಹುಡುಕಿಕೊಂಡು ಬರುತ್ತಿತ್ತೇ ಎಂದು ಪ್ರವಾದಿವರ್ಯರು(ಸ) ಪ್ರಶ್ನಿಸಿದರು. ಬಳಿಕ ಜನರನ್ನುದ್ದೇಶಿಸಿ ಮಾತನಾಡಿ, ಹಾಗೆ ಅನ್ಯಾಯವಾಗಿ ಪಡೆದದ್ದನ್ನು ಪರಲೋಕದಲ್ಲಿ ಹೊತ್ತುಕೊಂಡೇ ಬರಬೇಕಾಗುವುದೆಂದು ಎಚ್ಚರಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ಘಟನೆ ವರದಿಯಾಗಿದೆ.

ಇಲ್ಲಿ ನಮಗೆ ಮೂರು ಪಾಠಗಳಿವೆ. ಒಂದು, ಲೆಕ್ಕ ಕೊಡಬೇಕಾಗಿ ಬಂದವರು ಪ್ರವಾದಿವರ್ಯರೇ(ಸ) ನೇಮಿಸಿದ ಅನುಚರರು. ಎರಡು, ಹುದ್ದೆಯ ಕಾರಣದಿಂದ ಬರುವ ಉಡುಗೊರೆ ಉಡುಗೊರೆಯಲ್ಲ. ಮೂರು, ಎಚ್ಚರಿಕೆಯನ್ನು ಎಲ್ಲರ ಮುಂದೆ ನೀಡಲಾಯಿತು. ಹಾಗೆ ನೀಡಿದ್ದರಿಂದ ಸಮುದಾಯದ ಮಾನ ಹೋಗಲಿಲ್ಲ, ಉಳಿಯಿತು.

ಖೈಬರ್ ಯುದ್ಧದ ಬಳಿಕ ನಡೆದ ಮತ್ತೊಂದು ಘಟನೆಯಿದೆ. ಪ್ರವಾದಿವರ್ಯರ(ಸ) ಸೇವಕನೊಬ್ಬ ಬಾಣ ತಗಲಿ ಮಡಿದಾಗ ಜನರು ಅವನಿಗೆ ಸ್ವರ್ಗವೆಂದರು. ಆದರೆ ಹಂಚಿಕೆಗೆ ಮುನ್ನ ಸಾರ್ವಜನಿಕ ಸೊತ್ತಿನಿಂದ ಅವನು ತೆಗೆದುಕೊಂಡ ಹೊದಿಕೆಯು ಅವನ ಮೇಲೆ ಬೆಂಕಿಯಾಗಿ ಉರಿಯುತ್ತಿದೆಯೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಅದನ್ನು ಕೇಳಿದ ಒಬ್ಬರು ಚಪ್ಪಲಿಯ ಬಾರನ್ನು ತಂದೊಪ್ಪಿಸಿದರು. ಒಂದು ಹೊದಿಕೆ, ಒಂದು ಚಪ್ಪಲಿಯ ಬಾರು! ನಾವು ಸಣ್ಣದೆಂದು ಬಿಟ್ಟುಬಿಡುವ ಮೊತ್ತಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಹ. ಉಮರ್(ರ) ಖೈಬರ್‌ನಲ್ಲಿ ತಮಗೆ ದೊರೆತ ಭೂಮಿಯನ್ನು ವಕ್ಫ್ ಮಾಡಿದಾಗ ಕರಾರುಗಳನ್ನು ಸ್ಪಷ್ಟಪಡಿಸಿದರು. ಅದನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ವಾರಸುದಾರರು ಪಡೆಯುವಂತಿಲ್ಲ. ನೋಡಿಕೊಳ್ಳುವವನು ನ್ಯಾಯವಾಗಿ ಉಣ್ಣಬಹುದು, ಆದರೆ ಅದರಿಂದ ಸಂಪತ್ತು ಕೂಡಿಸಿಕೊಳ್ಳಬಾರದು. ತಮ್ಮ ನಂತರ ಅದರ ಮೇಲ್ವಿಚಾರಣೆ ಮಗಳು ಹ. ಹಫ್ಸಾ(ರ) ಅವರಿಗೆ ಎಂದೂ ಬರೆಸಿದರು. ಖಲೀಫರಾಗಿದ್ದಾಗ ಪ್ರಾಂತಾಧಿಕಾರಿಗಳನ್ನು ನೇಮಿಸುವ ವೇಳೆ ಅವರ ಆಸ್ತಿಯ ಪಟ್ಟಿ ಮಾಡಿಸುತ್ತಿದ್ದರು. ದೂರು ಬಂದರೆ ಹ. ಮುಹಮ್ಮದ್ ಬಿನ್ ಮಸ್ಲಮಾ(ರ) ಅವರನ್ನು ತನಿಖೆಗೆ ಕಳುಹಿಸುತ್ತಿದ್ದರು. ಉಮರ್‌ರಿಗೆ(ರ) ಸಹಾಬಿಗಳ ಮೇಲೆ ನಂಬಿಕೆ ಇರಲಿಲ್ಲವೆಂದು ಯಾರಾದರೂ ಹೇಳುತ್ತಾರೆಯೇ?

ಧರ್ಮಭಕ್ತರೇ ಮೋಸಹೋದ ಒಂದು ಪ್ರಸಂಗ

ನಮ್ಮ ತಪ್ಪು ನಮ್ಮ ಕಣ್ಣಿಗೆ ಬೇಗ ಕಾಣುವುದಿಲ್ಲ. ಆದ್ದರಿಂದ ಇತರ ಸಮುದಾಯವೊಂದರ ಅನುಭವವನ್ನು ನೋಡೋಣ. ಅಲ್ಲಿಯೂ ಜನರು ಧರ್ಮಭಕ್ತರು, ಹಣವೂ ಧರ್ಮಕಾರ್ಯದ್ದು.

ಅಮೇರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ 1989ರಲ್ಲಿ ಜಾನ್ ಬೆನ್ನೆಟ್ ಎಂಬಾತ 'ನ್ಯೂ ಎರಾ' ಎಂಬ ದಾನಸಂಸ್ಥೆಯನ್ನು ಸ್ಥಾಪಿಸಿದ. ಹೆಸರು ಹೇಳಲಿಚ್ಛಿಸದ ಶ್ರೀಮಂತ ದಾನಿಗಳು ತನ್ನ ಹಿಂದಿದ್ದಾರೆ, ಸೇವಾಸಂಸ್ಥೆಗಳು ತಮ್ಮ ಹಣವನ್ನು ಕೆಲವು ತಿಂಗಳು ತನ್ನಲ್ಲಿಟ್ಟರೆ ಆ ದಾನಿಗಳು ಅದನ್ನು ಇಮ್ಮಡಿ ಮಾಡಿಕೊಡುತ್ತಾರೆ ಎಂದು ನಂಬಿಸಿದ. ಮೊದಲು ಕೊಟ್ಟವರಿಗೆ ನಿಜಕ್ಕೂ ಇಮ್ಮಡಿ ಸಿಕ್ಕಿತು. ಚರ್ಚ್‌ಗಳು, ಧಾರ್ಮಿಕ ಕಾಲೇಜುಗಳು, ಮಿಷನ್ ಸಂಸ್ಥೆಗಳು ಸಾಲುಗಟ್ಟಿ ಬಂದವು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ನಂಬಿದರು. ಬೆನ್ನೆಟ್ ಭಕ್ತನಾಗಿದ್ದ, ಮೃದುಭಾಷಿಯಾಗಿದ್ದ.

ಮಿಚಿಗನ್ ರಾಜ್ಯದ ಸ್ಪ್ರಿಂಗ್ ಆರ್ಬರ್ ಎಂಬ ಸಣ್ಣ ಕ್ರೈಸ್ತ ಕಾಲೇಜಿನಲ್ಲಿ ಆಲ್ಬರ್ಟ್ ಮೈಯರ್ ಎಂಬ ಲೆಕ್ಕಶಾಸ್ತ್ರದ ಅಧ್ಯಾಪಕರಿದ್ದರು. ಕಾಲೇಜಿನ ಲೆಕ್ಕ ನೋಡುವಾಗ ಈ ವ್ಯವಹಾರ ಅವರ ಕಣ್ಣಿಗೆ ಬಿತ್ತು. ಕಾಲೇಜಿನ ಹಿರಿಯರನ್ನು ಎಚ್ಚರಿಸಿದರು, ಅವರು ಕಿವಿಗೊಡಲಿಲ್ಲ. ಮೈಯರ್ ಎದೆಗುಂದದೆ ದಾಖಲೆಗಳನ್ನು ಒಂದೊಂದಾಗಿ ಕೂಡಿಸಿದರು. ಅಷ್ಟು ಹಣವಿರುವ ಸಂಸ್ಥೆಯ ತೆರಿಗೆ ಪತ್ರದಲ್ಲಿ ತೋರಿಸಿದ ಬಡ್ಡಿಯ ಆದಾಯ ತೀರಾ ಅಲ್ಪವಾಗಿತ್ತು. ಹಾಗಾದರೆ ಹಣ ಎಲ್ಲಿ? ಕೊನೆಗೆ ಅವರು ಸರಕಾರಿ ಇಲಾಖೆಗಳಿಗೆ ಬರೆದರು. 1995ರ ಮೇ ತಿಂಗಳಲ್ಲಿ ಸಂಸ್ಥೆ ದಿವಾಳಿಯಾಯಿತು. ಅನಾಮಧೇಯ ದಾನಿಗಳು ಎಂಬವರು ಒಬ್ಬರೂ ಇರಲಿಲ್ಲ. ನಂತರ ಬಂದವರ ಹಣವನ್ನೇ ಮೊದಲು ಬಂದವರಿಗೆ ಕೊಡಲಾಗುತ್ತಿತ್ತು. ಬೆನ್ನೆಟ್‌ನನ್ನು ಪ್ರಶ್ನಿಸಬಲ್ಲ ನಿಜವಾದ ಆಡಳಿತ ಮಂಡಳಿಯೂ ಇರಲಿಲ್ಲ. 1997ರಲ್ಲಿ ಅವನಿಗೆ 12 ವರ್ಷಗಳ ಸೆರೆವಾಸವಾಯಿತು.

ಕಥೆಯ ಮುಂದಿನ ಭಾಗ ಇನ್ನೂ ಮುಖ್ಯ. ವಂಚನೆ ಬಯಲಾದ ಮೇಲೆ, ಮೊದಲು ಇಮ್ಮಡಿ ಪಡೆದಿದ್ದ ಅನೇಕ ಸಂಸ್ಥೆಗಳು ಆ ಲಾಭವನ್ನು ತಾವಾಗಿಯೇ ಮರಳಿಸಲು ಒಪ್ಪಿಕೊಂಡವು. ತಾವು ಪಡೆದದ್ದು ಇನ್ನೊಂದು ಸೇವಾಸಂಸ್ಥೆಯ ಹಣವೆಂದು ಅವು ಅರಿತವು. ಇದರಿಂದಾಗಿ ಕಳೆದುಕೊಂಡವರಿಗೆ ಕಾಲಕ್ರಮೇಣ ತಮ್ಮ ಹಣದ ಬಹುಭಾಗ ಮರಳಿ ದೊರೆಯಿತು. ಮೋಸಹೋದುದು ನಾಚಿಕೆಯ ವಿಷಯ. ಆದರೆ ಬಯಲಾದ ಮೇಲೆ ಹಕ್ಕನ್ನು ಹಕ್ಕುದಾರನಿಗೆ ತಲುಪಿಸಿದ್ದು ಗೌರವದ ವಿಷಯ.

ತಪ್ಪು ಹೇಗೆ ಆರಂಭವಾಗುತ್ತದೆ?

ಬೆನ್ನೆಟ್‌ನಂಥವರು ಅಪರೂಪ. ನಮ್ಮ ಊರುಗಳಲ್ಲಿ ಕಳ್ಳತನ ಮಾಡಲೆಂದೇ ಯಾರೂ ಸಮಿತಿಗೆ ಸೇರುವುದಿಲ್ಲ. ಮಗಳ ಆಸ್ಪತ್ರೆ ಖರ್ಚಿಗೆ ತುರ್ತಾಗಿ ಹಣ ಬೇಕಾಗುತ್ತದೆ. ಕೈಯಲ್ಲಿ ಮಸೀದಿಯ ಹಣವಿದೆ. ಮುಂದಿನ ತಿಂಗಳು ಹಾಕಿಬಿಡುತ್ತೇನೆ ಎಂದು ಮನಸ್ಸು ಹೇಳುತ್ತದೆ. ಹಾಕುತ್ತಾರೆ ಕೂಡ. ಎರಡನೆಯ ಸಲ ತೆಗೆಯುವಾಗ ಕೈ ನಡುಗುವುದಿಲ್ಲ. ಮೂರನೆಯ ಸಲ ಹಾಕಲು ಸಾಧ್ಯವಾಗುವುದಿಲ್ಲ. ಆಗ ಒಂದು ಸುಳ್ಳು ರಶೀದಿ ಬೇಕಾಗುತ್ತದೆ. ಅಮಾನತ್ತಿನ ಹಣವನ್ನು ಕೇಳದೆ ಸಾಲವಾಗಿ ತೆಗೆಯುವುದೇ ಖಿಯಾನತ್ತಿನ ಮೊದಲ ಮೆಟ್ಟಿಲು.

ಬೇರೆ ಬಾಗಿಲುಗಳೂ ಇವೆ. ಝಕಾತ್‌ಗೆಂದು ಬಂದ ಹಣದಲ್ಲಿ ಕಟ್ಟಡದ ಬಾಕಿ ತೀರಿಸುವುದು. ವಕ್ಫ್ ಅಂಗಡಿಯನ್ನು ಸಂಬಂಧಿಕನಿಗೆ ಹಳೆಯ ಕಾಲದ ಬಾಡಿಗೆಗೇ ಬಿಟ್ಟುಕೊಡುವುದು. ಗುತ್ತಿಗೆಯನ್ನು ಸ್ವಂತ ಭಾವನಿಗೆ ಕೊಡುವುದು. ಪ್ರವಾಹದ ನೆರವಿಗೆಂದು ವಾಟ್ಸಾಪ್‌ನಲ್ಲಿ ಕರೆ ಕೊಟ್ಟು ಯಾರದೋ ಸ್ವಂತ ಖಾತೆಯ ಕ್ಯೂಆರ್ ಕೋಡ್ ಹಂಚುವುದು. ಇವುಗಳಲ್ಲಿ ಹಲವನ್ನು ನಾವು ವಂಚನೆಯೆಂದು ಕರೆಯುವುದೇ ಇಲ್ಲ. ಆದರೆ ಬಡವನ ಪಾಲು ಅವನಿಗೆ ತಲುಪದಿದ್ದರೆ ಹೆಸರು ಏನಾದರೇನು?

ತಡೆಯುವ ದಾರಿ

ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಸಣ್ಣ ಜಮಾಅತ್ ಕೂಡ ಈ ಕೆಲವು ಕ್ರಮಗಳನ್ನು ಇಂದೇ ಕೈಗೊಳ್ಳಬಹುದು.

1. ಹಣ ಪಡೆಯುವವನು, ಲೆಕ್ಕ ಬರೆಯುವವನು, ಖರ್ಚಿಗೆ ಒಪ್ಪಿಗೆ ಕೊಡುವವನು ಒಬ್ಬನೇ ಆಗಿರಬಾರದು.

2. ಡಬ್ಬಿಯನ್ನು ಕನಿಷ್ಠ ಮೂವರ ಎದುರು ತೆರೆದು, ಎಣಿಸಿ, ಅಲ್ಲಿಯೇ ಬರೆದು ಸಹಿ ಹಾಕಬೇಕು. ಹಣವನ್ನು ಮನೆಗೆ ಒಯ್ಯದೆ ಬ್ಯಾಂಕಿಗೆ ಕಟ್ಟಬೇಕು.

3. ಖಾತೆ ಸಂಸ್ಥೆಯ ಹೆಸರಿನಲ್ಲಿರಬೇಕು. ಹಣ ತೆಗೆಯಲು ಇಬ್ಬರ ಸಹಿ ಬೇಕು. ಖಾಲಿ ಚೆಕ್ಕಿಗೆ ಮುಂಚಿತವಾಗಿ ಸಹಿ ಹಾಕಿಡುವ ಅಭ್ಯಾಸವನ್ನು ನಿಲ್ಲಿಸಬೇಕು.

4. ಝಕಾತ್, ಸದಕ, ಅನಾಥರ ನಿಧಿ, ಕಟ್ಟಡ ನಿಧಿ ಇವುಗಳ ಲೆಕ್ಕ ಬೇರೆ ಬೇರೆ ಇರಬೇಕು. ಒಂದರಿಂದ ಇನ್ನೊಂದಕ್ಕೆ ಎರವಲು ಬೇಡ.

5. ರಶೀದಿ ಪುಸ್ತಕಗಳಿಗೆ ಕ್ರಮಸಂಖ್ಯೆ ಇರಲಿ. ಯಾರ ಕೈಗೆ ಯಾವ ಪುಸ್ತಕ ಕೊಟ್ಟೆವು, ಮರಳಿ ಬಂತೇ ಎಂಬ ದಾಖಲೆ ಇರಲಿ. ವಂಚನೆ ಬಹಳ ಸಲ ನಡೆಯುವುದು ಮರಳಿ ಬಾರದ ರಶೀದಿ ಪುಸ್ತಕದಲ್ಲಿ.

6. ಸಂಬಂಧಿಕರಿಗೆ ಗುತ್ತಿಗೆ, ಬಾಡಿಗೆ, ಕೆಲಸ ಕೊಡುವ ಪ್ರಶ್ನೆ ಬಂದಾಗ ಆ ಸದಸ್ಯನು ಸಂಬಂಧವನ್ನು ತಿಳಿಸಿ ಸಭೆಯಿಂದ ಹೊರಗಿರಬೇಕು.

7. ವರ್ಷಕ್ಕೊಮ್ಮೆ ಸಮಿತಿಗೆ ಸೇರದವರಿಂದ ಲೆಕ್ಕ ಪರಿಶೋಧನೆ ಮಾಡಿಸಿ, ಅದನ್ನು ಗೋಡೆಗೆ ಹಚ್ಚಬೇಕು. ಕೆಲವು ವರ್ಷಗಳಿಗೊಮ್ಮೆ ಖಜಾಂಚಿ ಬದಲಾಗಬೇಕು.

ಕಾನೂನು ಕೂಡ ಇದನ್ನೇ ಕೇಳುತ್ತದೆ. 1995ರ ವಕ್ಫ್ ಕಾಯ್ದೆಯ 46ನೇ ಕಲಮಿನಂತೆ ಮುತವಲ್ಲಿಯು ಪ್ರತಿವರ್ಷ ವಕ್ಫ್ ಮಂಡಳಿಗೆ ಲೆಕ್ಕ ಸಲ್ಲಿಸಬೇಕು. 2025ರ ತಿದ್ದುಪಡಿಯ ಬಳಿಕ, ವರ್ಷಕ್ಕೆ ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ನಿವ್ವಳ ಆದಾಯವಿರುವ ವಕ್ಫ್‌ಗಳ ಲೆಕ್ಕಕ್ಕೆ ವಾರ್ಷಿಕ ಪರಿಶೋಧನೆಯಿದೆ. ಸಕಾರಣವಿಲ್ಲದೆ ಲೆಕ್ಕ ಇಡದ ಮುತವಲ್ಲಿಯನ್ನು 64ನೇ ಕಲಮಿನ ಪ್ರಕಾರ ತೆಗೆದುಹಾಕಬಹುದು. ಸಂಸ್ಥೆಯು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇದ್ದರೆ ಪ್ರತಿವರ್ಷ ನೋಂದಣಾಧಿಕಾರಿಗೆ ಲೆಕ್ಕ ಸಲ್ಲಿಸಬೇಕು. ಮೂರರಲ್ಲೊಂದು ಭಾಗದಷ್ಟು ಸದಸ್ಯರು ಅರ್ಜಿ ಕೊಟ್ಟರೆ ಅವರು ವಿಚಾರಣೆ ನಡೆಸಬೇಕಾಗುತ್ತದೆ. ಆದರೆ ಸತ್ಯವಿಶ್ವಾಸಿಯು ಕಾನೂನಿನ ನೋಟೀಸಿಗಾಗಿ ಕಾಯುವುದು ಶೋಭೆಯಲ್ಲ.

ವಂಚನೆ ಕಂಡುಬಂದಾಗ

ನಮ್ಮ ನಿಜವಾದ ಪರೀಕ್ಷೆ ಇಲ್ಲಿದೆ. ಸಾಮಾನ್ಯವಾಗಿ ನಾವು ಎರಡರಲ್ಲೊಂದು ತಪ್ಪು ಮಾಡುತ್ತೇವೆ. ಒಂದೋ ಗಾಳಿಮಾತನ್ನೇ ನಂಬಿ ಒಬ್ಬನ ಮಾನವನ್ನು ಬೀದಿಗೆಳೆಯುತ್ತೇವೆ. ಇಲ್ಲವೇ ಸಮುದಾಯದ ಹೆಸರು ಕೆಡುತ್ತದೆಂದು ಎಲ್ಲವನ್ನೂ ಮುಚ್ಚಿಹಾಕುತ್ತೇವೆ. ಎರಡೂ ಅನ್ಯಾಯವೇ.

ಸುದ್ದಿ ಬಂದಾಗ ಪರಿಶೀಲಿಸಬೇಕೆಂದೂ ಗುಮಾನಿಗಳಿಂದ ದೂರವಿರಬೇಕೆಂದೂ ಅಲ್‌ಹುಜುರಾತ್ ಅಧ್ಯಾಯವು ಕಲಿಸುತ್ತದೆ. ಆದ್ದರಿಂದ ಮೊದಲ ಕೆಲಸ ಆರೋಪ ಹೊರಿಸುವುದಲ್ಲ, ದಾಖಲೆಗಳನ್ನು ಭದ್ರಪಡಿಸುವುದು. ಕ್ಯಾಶ್ ಬುಕ್, ರಶೀದಿಗಳು, ವೋಚರ್, ಬ್ಯಾಂಕಿನ ಪಾಸ್ ಬುಕ್ ಎಲ್ಲವನ್ನೂ ಇಬ್ಬರು ಮೂವರ ವಶಕ್ಕೆ ಪಡೆಯಬೇಕು. ತನಿಖೆ ಮುಗಿಯುವವರೆಗೆ ಸಂಬಂಧಪಟ್ಟವರು ಹಣದ ವ್ಯವಹಾರದಿಂದ ದೂರವಿರಬೇಕು. ಇದು ಶಿಕ್ಷೆಯಲ್ಲ, ಅವರ ರಕ್ಷಣೆಯೂ ಹೌದು. ಊರಿನ ಬಣಗಳಿಗೆ ಸೇರದ, ಲೆಕ್ಕ ಬಲ್ಲ ಒಬ್ಬರಿಂದ ಪರಿಶೀಲನೆ ಮಾಡಿಸಬೇಕು. ಆರೋಪಿಗೆ ತನ್ನ ಮಾತು ಹೇಳಲು ಪೂರ್ಣ ಅವಕಾಶ ಕೊಡಬೇಕು. ಲೆಕ್ಕದ ತಪ್ಪು ಬೇರೆ, ವಂಚನೆ ಬೇರೆ. ಬರೆಯಲು ಬಾರದವನ ಅಜಾಗ್ರತೆಯನ್ನು ಕಳ್ಳತನವೆಂದು ಕರೆಯಬಾರದು.

ತಪ್ಪು ಸಾಬೀತಾದರೆ ಹಣವನ್ನು ಮರಳಿ ಪಡೆಯುವುದು ಮೊದಲ ಹೊಣೆ. "ಪಾಪ, ತೌಬಾ ಮಾಡಿದ್ದಾನೆ, ಬಿಟ್ಟುಬಿಡಿ" ಎನ್ನುವವರಿದ್ದಾರೆ. ತೌಬಾ ದೊಡ್ಡದು, ಆದರೆ ಇನ್ನೊಬ್ಬನ ಹಕ್ಕನ್ನು ಮರಳಿಸದೆ ಅದು ಪೂರ್ಣವಾಗುವುದಿಲ್ಲ. ಸಮಿತಿಗೆ ತನ್ನ ಹಣವನ್ನು ಕ್ಷಮಿಸುವ ಅಧಿಕಾರವಿದೆ. ಅನಾಥನ ಹಣವನ್ನು ಕ್ಷಮಿಸುವ ಅಧಿಕಾರವಿಲ್ಲ. ಸಹೋದರನ ಖಾಸಗಿ ದೋಷವನ್ನು ಮುಚ್ಚಿಡುವುದು ಪುಣ್ಯವೇ. ಬಡವನ ಪಾಲು ಹೋಗುತ್ತಿರುವಾಗ ಮುಚ್ಚಿಡುವುದು ಪಾಪದಲ್ಲಿ ಪಾಲು ಪಡೆಯುವುದು.

ತಪ್ಪಿತಸ್ಥನು ಪ್ರಭಾವಿಯಾಗಿದ್ದರೆ? ಮಖ್ಝೂಮ್ ಎಂಬ ಪ್ರತಿಷ್ಠಿತ ಗೋತ್ರದ ಮಹಿಳೆಯೊಬ್ಬಳು ಕಳವು ಮಾಡಿದಾಗ, ಪ್ರವಾದಿವರ್ಯರಿಗೆ(ಸ) ಪ್ರಿಯರಾದ ಹ. ಉಸಾಮಾ(ರ) ಅವರ ಮೂಲಕ ಶಿಫಾರಸು ಮಾಡಿಸಲಾಯಿತು. ಪ್ರವಾದಿವರ್ಯರು(ಸ) ಅದನ್ನು ಕಠಿಣವಾಗಿ ತಿರಸ್ಕರಿಸಿದರು. ದೊಡ್ಡವರನ್ನು ಬಿಟ್ಟು ದುರ್ಬಲರನ್ನು ಮಾತ್ರ ಶಿಕ್ಷಿಸಿದ್ದೇ ಹಿಂದಿನವರ ನಾಶಕ್ಕೆ ಕಾರಣವಾಯಿತೆಂದರು. ತಮ್ಮ ಸ್ವಂತ ಮಗಳಾದರೂ ನ್ಯಾಯ ಬದಲಾಗದೆಂದು ಸಾರಿದರು. ಆದ್ದರಿಂದ ಮೊತ್ತ ದೊಡ್ಡದಾಗಿದ್ದರೆ, ಮರಳಿಸಲು ನಿರಾಕರಿಸಿದರೆ, ವಕ್ಫ್ ಮಂಡಳಿಗೂ ಪೊಲೀಸರಿಗೂ ದೂರು ಕೊಡಲು ಹಿಂಜರಿಯಬಾರದು. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮು ನಂಬಿಕೆದ್ರೋಹವನ್ನು ಅಪರಾಧವೆಂದು ಪರಿಗಣಿಸುತ್ತದೆ.

ಕೊನೆಯದಾಗಿ, ಎಚ್ಚರಿಸಿದವನನ್ನು ಕಾಪಾಡಿ. ಆಲ್ಬರ್ಟ್ ಮೈಯರ್‌ರ ಮಾತನ್ನು ಮೊದಲೇ ಕೇಳಿದ್ದರೆ ಅದೆಷ್ಟೋ ಸಂಸ್ಥೆಗಳು ಉಳಿಯುತ್ತಿದ್ದವು. ಪ್ರಶ್ನೆ ಕೇಳಿದ ಯುವಕನನ್ನು ಫಿತ್ನಾ ಎಬ್ಬಿಸುವವನೆಂದು ಕರೆಯುವ ಮೊದಲು ಅವನ ಪ್ರಶ್ನೆಗೆ ಉತ್ತರಿಸಿ.

ಮನೆಯಿಂದಲೇ ಆರಂಭವಾಗಲಿ

ಓದುಗರೇ, ಈ ವಿಷಯ ಸಮಿತಿಯವರಿಗೆ ಮಾತ್ರ ಸೇರಿದ್ದಲ್ಲ. ದಾನ ಕೊಡುವಾಗ ರಶೀದಿ ಕೇಳಿ. ಮಕ್ಕಳ ಕೈಯಲ್ಲಿ ಮದ್ರಸಕ್ಕೆ ಹಣ ಕಳುಹಿಸುವಾಗ ರಶೀದಿ ತರಲು ಹೇಳಿ. ಅಮಾನತ್ತು ಎಂದರೇನೆಂದು ಅವರು ಅಲ್ಲಿಂದ ಕಲಿಯುತ್ತಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಸಂಸ್ಥೆಯೊಂದರ ಹಣ ಇಟ್ಟುಕೊಂಡಿದ್ದರೆ, ಅದು ಎಷ್ಟು, ಎಲ್ಲಿದೆ, ಯಾರಿಗೆ ಸೇರಿದ್ದು ಎಂದು ಬರೆದಿಟ್ಟಿದ್ದಾರೆಯೇ ಎಂದು ಇಂದು ರಾತ್ರಿ ಊಟದ ಬಳಿಕ ಕೇಳಿ ನೋಡಿ. ಮರಣವು ಮಹಾಸಭೆಯ ದಿನಾಂಕ ನೋಡಿ ಬರುವುದಿಲ್ಲ.

ಅಂದು ಆ ಯುವಕ ಎದ್ದು ನಿಂತಾಗ ಹಾಜಿಯವರು ನೊಂದುಕೊಳ್ಳದೆ, "ಒಳ್ಳೆಯದಾಯಿತು ಮೋನೇ, ಬಾ, ನೀನೇ ಕುಳಿತು ಬರೆ" ಎಂದಿದ್ದರೆ ಒಂದು ವಾರದಲ್ಲಿ ಲೆಕ್ಕ ಮುಗಿಯುತ್ತಿತ್ತು. ಇಪ್ಪತ್ತು ವರ್ಷಗಳ ಸೇವೆ ಗೋಡೆಯ ಮೇಲಿನ ಒಂದು ಹಾಳೆಯಾಗಿ ಎಲ್ಲರಿಗೂ ಕಾಣುತ್ತಿತ್ತು. ಆ ತಾಯಿಯ ಬಳೆಗಳು ಅವರ ಕೈಯಲ್ಲೇ ಉಳಿಯುತ್ತಿದ್ದವು.

ಇಲ್ಲಿ ಲೆಕ್ಕ ಕೊಡುವುದು ಸುಲಭ. ಅಲ್ಲಿ ಕೊಡುವುದು ಕಷ್ಟ. ಅಲ್ಲಾಹನು ನಮ್ಮೆಲ್ಲರನ್ನೂ ಅಮಾನತ್ತು ಕಾಯುವವರ ಸಾಲಿಗೆ ಸೇರಿಸಲಿ. ಆಮೀನ್.